ಬಾಗಿಲು ತೆರೆದಿಟ್ಟ ಪ್ರಾರ್ಥನೆ

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ನಮ್ಮ ಭಾಗ್ಯನಗರ ಎರಡು ಕಸುಬಿಗೆ ಹೆಸರುವಾಸಿ. ಒಂದು ಮಗ್ಗ, ಇನ್ನೊಂದು ಕೂದಲು. ಕೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಜೋಡಿಸಿ ಕಟ್ಟುವ ಕೆಲಸದಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೊಟ್ಟೆ ತುಂಬುತ್ತದೆ. ಈ ವ್ಯಾಪಾರದ ಬೇರು ಹುಡುಕಿಕೊಂಡು ಹೋದರೆ ಅದರ ಒಂದು ಎಳೆ ಹರಕೆಗೇ ಮುಟ್ಟುತ್ತದೆ. ತಿರುಪತಿಯಂಥ ಕ್ಷೇತ್ರಗಳಲ್ಲಿ ಜನ ಒಪ್ಪಿಸಿದ ಮುಡಿ ಇಲ್ಲದಿದ್ದರೆ ಈ ದೇಶದ ಕೂದಲಿನ ವ್ಯಾಪಾರ ಇಷ್ಟು ಬೆಳೆಯುತ್ತಲೇ ಇರಲಿಲ್ಲ. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮ, ಅಮಾವಾಸ್ಯೆಗೆ ಗವಿಮಠ, ಕಷ್ಟ ಬಂದಾಗ ದರ್ಗಾ ಅಂತ ತಿರುಗುವ ಜನ ನಾವು. ಬೇಡಿಕೊಳ್ಳುವುದು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ಹೋದ ತಿಂಗಳು ನಮ್ಮ ಓಣಿಯ ಪಿಯುಸಿ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನನಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. "ಅಕ್ಕೋರ, ಪಾದ್ರಿಗಳು ಸಾಲಿ ಕಟ್ಟಿದ್ರು, ದವಾಖಾನಿ ಕಟ್ಟಿದ್ರು, ಪತ್ರಿಕಾ ತಗದ್ರು ಅಂತ ಪುಸ್ತಕದಾಗ ಐತ್ರಿ. ಆದ್ರ ಅವರ ಕಾಗದಪತ್ರ ಓದಿದ್ರ ಬರೇ ಪ್ರಾರ್ಥನಾ ಪ್ರಾರ್ಥನಾ ಅಂತಾರಲ್ರಿ. ಅದರಿಂದ ಖರೇನ ಏನರ ಆತಾ? ಇಲ್ಲಾ ಅದು ಮಂದೀನ ಒಲಿಸಿಕೊಳ್ಳೋ ಉಪಾಯನಾ?"

ನಾನು ಕ್ರೈಸ್ತಳಲ್ಲ. ನೇಕಾರರ ಮನೆಯಲ್ಲಿ ಹುಟ್ಟಿ, ಸಾಲಿ ಕಲಿಸಿ ನಿವೃತ್ತಳಾದವಳು. ಆದರೆ ಆ ಹುಡುಗಿಯ ಪ್ರಶ್ನೆ ಈಗಿನ ಕಾಲದ್ದು. ಒಂದು ಕಡೆ, ಮಿಷನರಿಗಳ ಪ್ರಾರ್ಥನೆಯೆಲ್ಲ ಬರೀ ಬಲೆ ಅನ್ನುವವರಿದ್ದಾರೆ. ಇನ್ನೊಂದು ಕಡೆ, ಆಗಿದ್ದೆಲ್ಲ ಪ್ರಾರ್ಥನೆಯ ಪವಾಡ ಅನ್ನುವವರಿದ್ದಾರೆ. ನಮ್ಮ ಸುತ್ತಮುತ್ತಲೇ ನಡೆದ ನಾಲ್ಕು ಸಂಗತಿ ನೋಡಿದರೆ ಈ ಎರಡೂ ಮಾತು ಪೂರ್ತಿ ಸರಿ ಅನ್ನಿಸುವುದಿಲ್ಲ. ನನಗೆ ತಿಳಿದದ್ದನ್ನು ಇಲ್ಲಿ ಹಂಚಿಕೊಂಡಿದ್ದೇನೆ.

ಹೊರಡುವ ಮೊದಲು

ಪ್ರಾಟೆಸ್ಟಂಟ್ ಮಿಷನ್ನುಗಳ ಚರಿತ್ರೆಯಲ್ಲಿ ಹಡಗು ಹತ್ತುವುದಕ್ಕೆ ಮೊದಲು ಪ್ರಾರ್ಥನೆಯ ಕೂಟ ಬರುತ್ತದೆ. ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ ಮೊರೇವಿಯನ್ ಪಂಥದವರು 1727ರಲ್ಲಿ ಒಂದು ಕ್ರಮ ಹಾಕಿಕೊಂಡರು. ಹಗಲು ರಾತ್ರಿ 24 ತಾಸನ್ನೂ ಹಂಚಿಕೊಂಡು, ಪಾಳಿಯ ಪ್ರಕಾರ ಯಾರಾದರೂ ಒಬ್ಬರು ಪ್ರಾರ್ಥಿಸುತ್ತಲೇ ಇರಬೇಕು. ಆ ಪಾಳಿ ನೂರು ವರ್ಷ ನಡೆಯಿತು ಎಂದು ಅವರ ಪರಂಪರೆ ಹೇಳುತ್ತದೆ. ಐದು ವರ್ಷದಲ್ಲೇ, 1732ರಲ್ಲಿ, ಅವರ ಮೊದಲ ಮಿಷನರಿಗಳು ವೆಸ್ಟ್ ಇಂಡೀಸಿನ ಗುಲಾಮರ ನಡುವೆ ಕೆಲಸಕ್ಕೆ ಹೊರಟರು. ಇಂಗ್ಲೆಂಡಿನಲ್ಲೂ ಹೀಗೇ ಆಯಿತು. 1784ರಲ್ಲಿ ಅಲ್ಲಿನ ಬ್ಯಾಪ್ಟಿಸ್ಟರು ತಿಂಗಳಿಗೊಮ್ಮೆ ಕೂಡಿ ಪ್ರಾರ್ಥಿಸಲು ಶುರು ಮಾಡಿದರು. ಎಂಟು ವರ್ಷದ ಮೇಲೆ, 1792ರಲ್ಲಿ, ಅದೇ ವಲಯದಿಂದ ವಿಲಿಯಂ ಕೇರಿಯವರ ಮಿಷನ್ ಸಂಘ ಹುಟ್ಟಿತು.

ನಮ್ಮ ಭಾಗಕ್ಕೆ ಬಂದದ್ದು ಬಾಸೆಲ್ ಮಿಷನ್. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಜನ ಬಂದದ್ದು ಹೆಚ್ಚಾಗಿ ಪಕ್ಕದ ಜರ್ಮನ್ ಸೀಮೆ ವುರ್ಟೆಂಬರ್ಗಿನಿಂದ. ಅಲ್ಲಿ ರೈತರು, ನೇಕಾರರು, ಕಮ್ಮಾರರು ಸಂಜೆ ಯಾರದಾದರೂ ಮನೆಯಲ್ಲಿ ಕೂತು ಬೈಬಲ್ ಓದಿ ಪ್ರಾರ್ಥಿಸುವ ರೂಢಿ ಇತ್ತು. ನಮ್ಮಲ್ಲಿ ಭಜನಾ ಮಂಡಳಿ ಇದ್ದಂತೆ ಅಂದುಕೊಳ್ಳಿ. ಅಂಥ ಮನೆಗಳ ಹುಡುಗರೇ ಮಿಷನರಿಗಳಾದರು.

ದುಡ್ಡಿನ ವಿಷಯವೂ ಹಾಗೇ. 1855ರಲ್ಲಿ ಬಾಸೆಲಿನ ರೇಷ್ಮೆ ಪಟ್ಟಿಯ ಉದ್ಯಮಿ ಕಾರ್ಲ್ ಸರಾಸಿನ್ 'ಅರ್ಧ ಬಾಟ್ಜೆನ್' ಎಂಬ ವಂತಿಗೆ ಶುರು ಮಾಡಿದರು. ಬಾಟ್ಜೆನ್ ಅಂದರೆ ಅಲ್ಲಿನ ಚಿಲ್ಲರೆ ನಾಣ್ಯ. ವಾರಕ್ಕೆ ಅದರಲ್ಲಿ ಅರ್ಧ ಕೊಟ್ಟರೆ ಸಾಕು, ಮನೆಗೆಲಸದ ಹೆಂಗಸೂ ಕೊಡಬಹುದಾದ ಕಾಸು. ಕೊಟ್ಟವರಿಗೆ ದೂರದ ಧಾರವಾಡ, ಮಂಗಳೂರಿನ ಸುದ್ದಿ ಸಿಗುತ್ತಿತ್ತು. ಯಾವ ಊರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಅನ್ನುವುದು ಗೊತ್ತಿರುತ್ತಿತ್ತು. ಹಾಗಾಗಿ ಪ್ರಾರ್ಥನೆಯ ಮೊದಲ ಪಾತ್ರ ಇದು: ಬಡವರ ಪುಟ್ಟ ಕಾಸನ್ನೂ ದೂರದ ಊರಿನ ಬಗೆಗಿನ ಕಾಳಜಿಯನ್ನೂ ಅದು ಒಂದೇ ದಾರದಲ್ಲಿ ಪೋಣಿಸಿತು. ಪ್ರಾರ್ಥಿಸಿದವರು ವಂತಿಗೆ ಕೊಟ್ಟರು, ವಂತಿಗೆ ಕೊಟ್ಟವರು ಮರೆಯದೆ ಪ್ರಾರ್ಥಿಸಿದರು.

ದೇವರಿಗೆ ನೀನು ಅನ್ನಬೇಕಾ, ನೀವು ಅನ್ನಬೇಕಾ?

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಹೀಗೆ ಠಾಣೆಗಳು ಬೆಳೆದವು. ಬೆಟಗೇರಿ, ಗುಳೇದಗುಡ್ಡ ಎರಡೂ ನಮ್ಮಂತೆ ನೇಕಾರರ ಊರು ಅನ್ನುವುದನ್ನು ಗಮನಿಸಿ. ಇತ್ತ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಇದ್ದರು, ಕನ್ನಡಕ್ಕೆ ಬೈಬಲ್ ತರುವ ಕೆಲಸಕ್ಕೆ ಕೈ ಹಚ್ಚಿದ್ದರು. ನಮ್ಮ ಕೊಪ್ಪಳ ಆಗ ನಿಜಾಮನ ಸೀಮೆ. ಪಡುವಣಕ್ಕೆ ಮುಂಬಯಿ ಪ್ರಾಂತದ ಬೆಟಗೇರಿ, ಮೂಡಣಕ್ಕೆ ಮದ್ರಾಸ್ ಪ್ರಾಂತದ ಬಳ್ಳಾರಿ. ಮೂರು ಸರ್ಕಾರದ ಗಡಿ ಕೂಡುವ ನೆಲ ಇದು.

ಬಂದವರಿಗೆ ಎದುರಾದ ಮೊದಲ ಗೋಡೆ ಭಾಷೆ. ಪ್ರವಚನವನ್ನಾದರೆ ದುಭಾಷಿ ಇಟ್ಟುಕೊಂಡು ಮಾಡಬಹುದು. ಪಾಠವನ್ನು ಬರೆದುಕೊಂಡು ಒಪ್ಪಿಸಬಹುದು. ಆದರೆ ಮಗು ಸತ್ತ ತಾಯಿಯ ಪಕ್ಕ ಕೂತು ಬೇಡಿಕೊಳ್ಳುವಾಗ ದುಭಾಷಿಯಿಂದ ಆಗುವ ಕೆಲಸ ಅಲ್ಲ ಅದು. ಪ್ರಾರ್ಥನೆ ಮನೆಮಾತಿನಲ್ಲೇ ಆಗಬೇಕು. ದುಃಖದ ಮಾತು, ಹಸಿವಿನ ಮಾತು, ಅವ್ವ ಅಪ್ಪ ಅನ್ನುವ ಮಾತು ಬರಬೇಕು.

ಇನ್ನೊಂದು ಸೂಕ್ಷ್ಮ ನೋಡಿ. ಕನ್ನಡದಲ್ಲಿ 'ದೇವರು' ಎಂಬ ಶಬ್ದ ಗೌರವದ ಬಹುವಚನ. ಮಾವನಿಗೆ, ಮಾಸ್ತರಿಗೆ, ಊರ ಗೌಡರಿಗೆ ನಾವು 'ನೀವು', 'ತಾವು' ಅನ್ನುತ್ತೇವೆ. ಆದರೆ ದೇವರ ಎದುರು ನಿಂತಾಗ? ಶರಣರೂ 'ನೀನು' ಅಂದರು, ದಾಸರೂ 'ನೀನು' ಅಂದರು. ನಮ್ಮ ಅಜ್ಜಿ ಹುಲಿಗೆಮ್ಮನನ್ನು ಜಗಳಕ್ಕೆ ಕರೆಯುವಾಗಲೂ 'ನಿನಗ ಕಣ್ಣಿಲ್ಲೇನ' ಅಂತಲೇ ಕೇಳುತ್ತಿದ್ದಳು. ಕನ್ನಡ ಬೈಬಲ್ಲಿನ ಪ್ರಾರ್ಥನೆಗಳಲ್ಲೂ ದೇವರು 'ನೀನು'. ಹೊರಗಿನಿಂದ ಬಂದ ಧರ್ಮ ಇಲ್ಲಿನ ಭಕ್ತಿಯ ಸರ್ವನಾಮವನ್ನೇ ಉಟ್ಟುಕೊಂಡಿತು. ಈ ಸಣ್ಣ ಮಾತು ಹಿಡಿಯಬೇಕಾದರೂ ಜನರ ಭಕ್ತಿಯನ್ನು ಕಿವಿಗೊಟ್ಟು ಕೇಳಲೇಬೇಕು.

ಕೇಳಿದವರು ಇದ್ದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ನನಗೆ ಮುಖ್ಯ ಅನಿಸೋದು 1848ರಿಂದ ಮುಂದೆ ಅವರು ಹೊರತಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆ. ಅದರಲ್ಲಿ ಜೈಮಿನಿ ಭಾರತ, ಬಸವಪುರಾಣದ ಜೊತೆ ದಾಸರ ಪದಗಳೂ ಅಚ್ಚಾದವು. ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಲು ಬಂದಾತ ಹರಿದಾಸರ ಪ್ರಾರ್ಥನೆಗಳನ್ನು ಹುಡುಕಿ, ಕೂಡಿಸಿ, ಅಚ್ಚು ಹಾಕಿಸಿದ.

ಫರ್ಡಿನಂಡ್ ಕಿಟೆಲ್ ಅವರ ಕಥೆಯೂ ಹಾಗೇ. 1853ರಲ್ಲಿ ಬಂದ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂದು ಕನ್ನಡದ ಛಂದಸ್ಸಿನಲ್ಲೇ ಬರೆದರು. 1872ರಲ್ಲಿ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ ಛಂದಸ್ಸು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು. ಮಿಷನ್ನಿನ ಒಳಗೇ ಅವರ ಈ ಪಾಂಡಿತ್ಯದ ಹುಚ್ಚನ್ನು ಎಲ್ಲರೂ ಮೆಚ್ಚಿರಲಿಲ್ಲ. ಇವ ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟ ಅಂತ ಲೆಕ್ಕ ನೋಡುವವರಿಗೆ ನಿಘಂಟು ದೊಡ್ಡದಾಗಿ ಕಾಣಲಿಲ್ಲ. ಇವತ್ತು ಆ ಲೆಕ್ಕ ಯಾರ ಬಾಯಲ್ಲೂ ಇಲ್ಲ, ಅವರ ನಿಘಂಟನ್ನು ಮಾತ್ರ ನಾವು ಈಗಲೂ ತೆರೆಯುತ್ತೇವೆ.

ಫಲಿಸದ ಪ್ರಾರ್ಥನೆ

ಈಗ ನಮ್ಮಿಂದ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ನಡೆದ ಒಂದು ಸಂಗತಿ. ಗದಗಿನ ಹತ್ತಿರ ಮಲಸಮುದ್ರ ಅಂತ ಹಳ್ಳಿ ಇದೆ. 1840ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಕಡೆ ಕಾಲಜ್ಞಾನಿಗಳು ಎಂಬ ಪಂಗಡದ ಜನ ಮಿಷನರಿಗಳ ಹತ್ತಿರ ಬಂದರು. ತಮ್ಮ ಕಾಲಜ್ಞಾನದ ಮಾತಿನಲ್ಲಿ ಮುಂದೆ ಬರುವ ಗುರುವಿನ ಸುಳಿವು ಇದೆ, ಅದು ನೀವೇ ಇರಬಹುದೇನೋ ಎಂಬ ಧಾಟಿಯಲ್ಲಿ ಮಾತಾಡಿದರು. ಮಿಷನರಿಗಳಿಗೆ ಎಷ್ಟು ಸಂತೋಷ ಆಗಿರಬೇಡ! ಊರಲ್ಲಿ ಕೂತ ತಾಯ್ತಂದೆಗಳೆಲ್ಲ ವರ್ಷಗಟ್ಟಲೆ ಬೇಡಿಕೊಂಡದ್ದು ಕೈಗೂಡಿತು ಅನ್ನಿಸಿತು. ಮಲಸಮುದ್ರದಲ್ಲಿ ಜಮೀನು ಹಿಡಿದು, ಅವರಿಗಾಗಿ ಒಂದು ಕ್ರೈಸ್ತ ವಸಾಹತು ಕಟ್ಟಲು ಹೊರಟರು.

ಆದರೆ ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಬಂದ ಕೆಲವರೂ ಬಹಳ ದಿನ ನಿಲ್ಲಲಿಲ್ಲ. ಇದನ್ನೇ ನಂಬಿಕೊಂಡು ದೊಡ್ಡ ಆಸೆ ಇಟ್ಟವರಿಗೆ ದೊಡ್ಡ ನಿರಾಸೆ ಆಯಿತು. ಕೆಲ ವರ್ಷಗಳಲ್ಲಿ ಆ ವಸಾಹತಿನ ಯೋಜನೆಯನ್ನೇ ಕೈಬಿಟ್ಟರು.

ಈ ಕಥೆಯಲ್ಲಿ ಎರಡೂ ಕಡೆಯವರೂ ಒಂದೊಂದು ಆಸೆ ಇಟ್ಟುಕೊಂಡಿದ್ದರು. ಅವರು ತಮ್ಮ ಕಾಲಜ್ಞಾನ ನಿಜವಾಗಲಿ ಅಂತ, ಇವರು ತಮ್ಮ ಪ್ರಾರ್ಥನೆ ಫಲಿಸಲಿ ಅಂತ. ಒಬ್ಬರು ಇನ್ನೊಬ್ಬರಲ್ಲಿ ತಮಗೆ ಬೇಕಾದ್ದನ್ನೇ ಕಂಡರು. ಪ್ರಾರ್ಥನೆಗೂ ಇಂಥದೊಂದು ಅಪಾಯ ಉಂಟು. ಕಣ್ಣು ಮುಚ್ಚಿ ಬೇಡಿಕೊಂಡಾತ ಕಣ್ಣು ತೆರೆದಾಗ ಎದುರಿಗೆ ನಿಂತ ಮನುಷ್ಯನನ್ನು ಮನುಷ್ಯನಾಗಿ ನೋಡಬೇಕು. ಅವನನ್ನು ತನ್ನ ಪ್ರಾರ್ಥನೆಗೆ ಬಂದ ಉತ್ತರ ಅಂತ ಮಾತ್ರ ನೋಡಿದರೆ ಎಡವುತ್ತಾನೆ.

ಬೆಟಗೇರಿಯಲ್ಲಿ ಮಾತ್ರ ಕೆಲಸ ನಿಂತಿತು. ಸಾಲಿ ನಡೆಯಿತು, ಮುಂದೆ ದವಾಖಾನೆ ಬಂತು. ಬೇಡಿಕೊಂಡ ಗುಂಪು ಬರಲಿಲ್ಲ, ಆದರೆ ಜ್ವರ ಬಂದವರು, ಬಸುರಿ ಬಾಣಂತಿಯರು ಬಂದೇ ಬಂದರು.

ಎರಡು ಮಂಚದ ನಡುವೆ

ಬೆಟಗೇರಿಯ ಆ ಮಿಷನ್ ಆಸ್ಪತ್ರೆಯನ್ನು ನಮ್ಮ ಕಡೆ ಹಿರೇರು 'ಜರ್ಮನ್ ದವಾಖಾನಿ' ಅಂತಲೇ ಕರೀತಿದ್ದರು. ನಾನು ನೌಕರಿ ಸೇರಿದ ಹೊಸತರಲ್ಲಿ ನಮ್ಮ ಅವ್ವನಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು, ಅಲ್ಲಿಗೇ ಕರೆದುಕೊಂಡು ಹೋಗಿದ್ದೆವು. ಹಿಂದಿನ ರಾತ್ರಿ ಅವ್ವನಿಗೆ ನಿದ್ದೆ ಇಲ್ಲ. ಮಗ್ಗದ ಮೇಲೆ ಅರ್ಧಕ್ಕೆ ಬಿಟ್ಟು ಬಂದ ಸೀರೆಯ ಚಿಂತೆ ಬೇರೆ. ರಾತ್ರಿ ಪಾಳಿಯ ಸಿಸ್ಟರ್, ನಡುವಯಸ್ಸಿನವರು, ಗುಳಿಗೆ ಕೊಟ್ಟು ಮಂಚದ ಪಕ್ಕ ನಿಂತರು.

"ಯವ್ವಾ, ಅಂಜಿಕಿ ಆಗೇತೇನು? ನಿಮ್ಮ ಸಲುವಾಗಿ ಒಂದೀಟು ಪ್ರಾರ್ಥನಾ ಮಾಡ್ಲಾ? ನೀವು ಹೂಂ ಅಂದ್ರ ಅಷ್ಟ."

ನನಗೆ ಒಳಗೊಳಗೇ ಕಸಿವಿಸಿ. ಅವ್ವ ಮಾತ್ರ ಸಲೀಸಾಗಿ ಅಂದಳು, "ಮಾಡ್ರೆವ್ವಾ. ನಾನೂ ಹುಲಿಗೆಮ್ಮಗ ಹೇಳೀನಿ. ಇಬ್ಬರೂ ಕೂಡಿ ನೋಡ್ಕೊಳ್ಲಿ."

ಸಿಸ್ಟರ್ ನಕ್ಕು, ಅವ್ವನ ಕೈ ಹಿಡಿದು, ಎರಡು ನಿಮಿಷ ಮೆಲ್ಲಗೆ ಬೇಡಿಕೊಂಡರು. ಡಾಕ್ಟರ ಕೈ ಗಟ್ಟಿ ಇರಲಿ, ಈ ತಾಯಿಗೆ ನಿದ್ದೆ ಬರಲಿ, ಮಗಳಿಗೆ ಧೈರ್ಯ ಬರಲಿ ಅನ್ನುವಂಥ ಮಾತು. ಮಗಳು ಅಂದಾಗ ನನ್ನ ಗಂಟಲು ಕಟ್ಟಿತು. ಅವ್ವ ಅರ್ಧ ತಾಸಿನಲ್ಲಿ ಗೊರಕೆ ಹೊಡೆಯತೊಡಗಿದಳು.

ಈ ಪ್ರಸಂಗದಲ್ಲಿ ನಾನು ನಿಮಗೆ ಹೇಳಬೇಕಾದದ್ದು ಅವ್ವನ ನಿದ್ದೆಯಲ್ಲ, ಪಕ್ಕದ ಮಂಚದ್ದು. ಅಲ್ಲಿ ರೋಣದ ಕಡೆಯ ಅಜ್ಜಿಯೊಬ್ಬಳಿದ್ದಳು. ಸಿಸ್ಟರ್ ಅವಳನ್ನೂ ಕೇಳಿದರು. ಅಜ್ಜಿ ಕಡ್ಡಿ ಮುರಿದಂತೆ "ಬ್ಯಾಡ. ನನಗ ನಮ್ಮಪ್ಪ ವೀರಭದ್ರ ಅದಾನ" ಅಂದಳು. ಸಿಸ್ಟರ್ "ಆತ್ರೆವ್ವಾ, ಹಂಗಾರ ಅವನ್ನ ನೆನಸಿಕೊಂಡು ಮಕ್ಕೊಳ್ರಿ" ಅಂದು, ಅವಳ ಹಚ್ಚಡವನ್ನು ಕಾಲ ತನಕ ಎಳೆದು ಹೊದಿಸಿ, ಕುಡಿಯುವ ನೀರು ಕೈಗೆ ಸಿಗುವಂತೆ ಇಟ್ಟು ಹೋದರು. ಮುಂಜಾನೆ ಅದೇ ಅಜ್ಜಿಯ ಗಾಯ ತೊಳೆದು ಪಟ್ಟಿ ಕಟ್ಟಿದವರೂ ಅವರೇ. ಕೈಯಲ್ಲಿ ಎಳ್ಳಷ್ಟೂ ಬಿರುಸು ಇರಲಿಲ್ಲ.

ಬೇಡ ಅಂದವಳಿಗೂ ಅದೇ ಹಚ್ಚಡ, ಅದೇ ನೀರು, ಅದೇ ಮೆದು ಕೈ. ಮಿಷನರಿ ಕೆಲಸದಲ್ಲಿ ಪ್ರಾರ್ಥನೆ ಎಲ್ಲಿ ಚೊಕ್ಕ, ಎಲ್ಲಿ ಅಲ್ಲ ಅಂತ ಅಳೆಯಲು ನನಗೆ ಆವತ್ತಿನಿಂದ ಇದೇ ಮಾನದಂಡ.

ರಮಾಬಾಯಿಯವರ ಕೋಣೆಯ ಬಾಗಿಲು

ಎಲ್ಲ ಕಡೆ ಇಷ್ಟು ಸರಳವಾಗಿ ಬಗೆಹರಿಯುವುದಿಲ್ಲ. ಅದಕ್ಕೆ ದೊಡ್ಡ ಉದಾಹರಣೆ ಪಂಡಿತಾ ರಮಾಬಾಯಿ. ಇವರು ಹೊರಗಿನಿಂದ ಬಂದ ಮಿಷನರಿ ಅಲ್ಲ, ನಮ್ಮ ನೆಲದವರೇ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯವರು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ರಮಾಬಾಯಿಗೆ ಸಂಸ್ಕೃತ, ಮರಾಠಿಯ ಜೊತೆ ಕನ್ನಡವೂ ಬರುತ್ತಿತ್ತು.

ಅವರ ಬಾಲ್ಯವೇ ಒಂದು ದೊಡ್ಡ ಪ್ರಾರ್ಥನೆ. ಇಡೀ ಕುಟುಂಬ ಪುರಾಣ ಹೇಳುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. ಬರ ಬಂದಾಗ ಇದ್ದದ್ದನ್ನೆಲ್ಲ ದಾನ ಮಾಡಿ, ತೀರ್ಥದಲ್ಲಿ ಮಿಂದು, ಉಪವಾಸ ಮಾಡಿ ದೇವರನ್ನು ಬೇಡಿಕೊಂಡರು. 1874ರಲ್ಲಿ ತಂದೆ ತಾಯಿ ಇಬ್ಬರೂ ಹಸಿವಿನಿಂದ ತೀರಿಕೊಂಡರು. 1880ರಲ್ಲಿ ಅಣ್ಣ ಹೋದ, 1882ರಲ್ಲಿ ಗಂಡ ಹೋದ. ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ 'ಶಾರದಾ ಸದನ' ತೆರೆದರು. ಮುಂದಿನ ವರ್ಷ ಅದು ಪುಣೆಗೆ ಹೋಯಿತು. ಇಲ್ಲಿ ಧರ್ಮದ ಬೋಧನೆ ಇರುವುದಿಲ್ಲ, ಹುಡುಗಿಯರು ತಮ್ಮ ಆಚಾರ ತಾವು ನಡೆಸಬಹುದು ಎಂಬ ಮಾತಿನ ಮೇಲೆ ಸದನ ನಿಂತಿತ್ತು. ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿ ಮುಂಜಾನೆ ಮಗಳ ಜೊತೆ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಒಬ್ಬೊಬ್ಬರಾಗಿ ಹುಡುಗಿಯರು ಬಂದು ಕೂಡತೊಡಗಿದರು. 1893ರಲ್ಲಿ ಇದೇ ದೊಡ್ಡ ಗದ್ದಲವಾಯಿತು. ಟಿಳಕರ 'ಕೇಸರಿ' ಟೀಕಿಸಿತು, ಸಲಹಾ ಮಂಡಳಿಯವರು ದೂರ ಸರಿದರು, ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಯಾರದು ಸರಿ? ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರಮಾಬಾಯಿ ಯಾರನ್ನೂ ಕರೆಯಲಿಲ್ಲ, ಒತ್ತಾಯ ಮಾಡಲಿಲ್ಲ. ಸ್ವಂತ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕದ್ದು ಪ್ರಾರ್ಥಿಸಬೇಕೇ ಎಂಬ ಅವರ ನಿಲುವಿನಲ್ಲಿ ನ್ಯಾಯ ಇತ್ತು. ಆದರೆ ಹನ್ನೆರಡು ಹದಿನಾಲ್ಕರ ವಿಧವೆಗೆ ಆ ಮನೆ ಬಿಟ್ಟರೆ ಬೇರೆ ಗತಿ ಇಲ್ಲ. ಅನ್ನ ಹಾಕುವ, ಅಕ್ಷರ ಕಲಿಸುವ, ತಲೆ ನೇವರಿಸುವ ತಾಯಿ ಎಲ್ಲಿ ಕೂರುತ್ತಾಳೋ ಮಗು ಅಲ್ಲೇ ಹೋಗಿ ಕೂರುತ್ತದೆ. ಅದು ಆಯ್ಕೆಯೋ, ಪ್ರೀತಿಯೋ, ಋಣವೋ ಅಂತ ಬಿಡಿಸಿ ಹೇಳುವುದು ಆ ಮಗುವಿಗೂ ಆಗುವುದಿಲ್ಲ. ಪಾಲಕರ ಆತಂಕವನ್ನು ಬರೀ ಹಟ ಅಂತ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅದೇ ಪಾಲಕರ ಮನೆಯಲ್ಲಿ ಆ ಹುಡುಗಿಯ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದರು ಅನ್ನುವುದನ್ನೂ ಮರೆಯಲಾಗದು.

ಆಮೇಲೆ ಬಂತು 1896-97ರ ಬರ. ಬರದಲ್ಲಿ ಅನಾಥರಾದ ಹುಡುಗಿಯರನ್ನು ಕರೆತರಲು ರಮಾಬಾಯಿ ಮಧ್ಯ ಪ್ರಾಂತಕ್ಕೇ ಹೋದರು. ಅಪ್ಪ ಅವ್ವ ಹಸಿವಿನಿಂದ ಸತ್ತದ್ದನ್ನು ಕಂಡಾಕೆ ಸುಮ್ಮನೆ ಕೂರಲು ಸಾಧ್ಯವಿತ್ತೇ? ಸುಮಾರು 300 ಹುಡುಗಿಯರನ್ನು ಕರೆತಂದು, ಪುಣೆ ಹತ್ತಿರದ ಕೇಡಗಾಂವಿನಲ್ಲಿ 'ಮುಕ್ತಿ' ಕಟ್ಟಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರ ಹತ್ತಿರವೂ ಕೈ ಚಾಚದೆ, ಪ್ರಾರ್ಥನೆಯನ್ನೇ ನಂಬಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಅವರ ಜೀವನ ರಮಾಬಾಯಿಗೆ ದಾರಿ ತೋರಿತ್ತು. ಆದರೆ ಅವರು ಬರೀ ಮೊಣಕಾಲೂರಿ ಕೂತವರಲ್ಲ. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಮಗ್ಗ ಹಾಕಿಸಿದರು, ಅಚ್ಚುಕೂಟ ಇಟ್ಟರು, ಕುರುಡ ಹುಡುಗಿಯರಿಗೆ ಓದು ಕಲಿಸಿದರು. 1900ರ ಬರದ ಹೊತ್ತಿಗೆ ಅಲ್ಲಿ ಉಣ್ಣುವ ಬಾಯಿ 1,900 ದಾಟಿತ್ತು.

1905ರ ಜನವರಿಯಲ್ಲಿ ಅಲ್ಲಿ ಸುಮಾರು 70 ಮಂದಿ ಹೆಣ್ಣುಮಕ್ಕಳ ವಿಶೇಷ ಪ್ರಾರ್ಥನಾ ಕೂಟ ಶುರುವಾಯಿತು. ಜೂನ್ ಹೊತ್ತಿಗೆ ದಿನಕ್ಕೆರಡು ಸಲ ಕೂಡುವವರು 550 ಆದರು. ಆ ಜೂನಿನಲ್ಲಿ ಅಲ್ಲಿ ಎದ್ದ ಭಕ್ತಿಯ ಅಲೆಯನ್ನು ಕ್ರೈಸ್ತ ಚರಿತ್ರೆಕಾರರು ಇಂದಿಗೂ ದೊಡ್ಡ ಘಟನೆ ಅಂತ ಎಣಿಸುತ್ತಾರೆ. ಅಷ್ಟು ದಿನ ಯಾರೂ ಮಾತು ಕೇಳದ ಬರಗಾಲದ ಹುಡುಗಿಯರು ಬಾಯಿ ಬಿಟ್ಟು, ಅತ್ತು, ಕೂಗಿ, ತಮ್ಮ ಮಾತಿನಲ್ಲಿ ಪ್ರಾರ್ಥಿಸಿದರು. ಆಮೇಲೆ ಗುಂಪು ಕಟ್ಟಿಕೊಂಡು ಹಳ್ಳಿಗಳಿಗೆ ಹೋದರು. ಪವಾಡ ಹೌದೋ ಅಲ್ಲವೋ ನಂಬಿದವರಿಗೆ ಬಿಟ್ಟದ್ದು. ನನಗೆ ಕಾಣುವುದು ಇಷ್ಟು: ಮೂಲೆಗೆ ಕೂತ ಹೆಣ್ಣಿಗೆ ಹತ್ತು ಜನರ ನಡುವೆ ನಿಂತು ಗಟ್ಟಿಯಾಗಿ ಮಾತಾಡುವ ಮೊದಲ ಜಾಗ ಪ್ರಾರ್ಥನೆಯ ಕೂಟವಾಯಿತು.

ನಮ್ಮ ಸೀಮೆಗೂ ಈ ಕಥೆಯ ಕೊಂಡಿ ಇದೆ. 1912-13ರ ಹೊತ್ತಿಗೆ ಆಗ ನಿಜಾಮನ ಆಡಳಿತದಲ್ಲಿದ್ದ ಗುಲ್ಬರ್ಗಾದಲ್ಲಿ ಮನೋರಮಾ ಮುಂದೆ ನಿಂತು ಶಾಲೆ ತೆರೆದರು. ಮನೋರಮಾ 1921ರಲ್ಲಿ, ರಮಾಬಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು.

ಪಾದ್ರಿಗಳು ಹೋದ ಮೇಲೆ

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಕೆಲವರನ್ನು ಶಿಬಿರದಲ್ಲಿಟ್ಟರು, ಕೊನೆಗೆ ತವರಿಗೆ ಸಾಗಹಾಕಿದರು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಕಟ್ಟಿದ್ದೆಲ್ಲ ಹೋಗಬೇಕಿತ್ತು. ಆದರೆ ಭಾನುವಾರದ ಪ್ರಾರ್ಥನೆ ನಿಲ್ಲಲಿಲ್ಲ. ಯಾಕಂದ್ರೆ ಅದು ಅಷ್ಟೊತ್ತಿಗೆ ಜರ್ಮನ್ನರದಾಗಿ ಉಳಿದಿರಲಿಲ್ಲ. ಕನ್ನಡದ ಉಪದೇಶಕರು, ಬೈಬಲ್ ಓದಿ ಹೇಳುವ ಹೆಂಗಸರು, ನೇಕಾರ ಕುಟುಂಬದ ಹಿರಿಯರು ತಮ್ಮ ಮಾತಿನಲ್ಲಿ ತಾವೇ ನಡೆಸಿಕೊಂಡು ಹೋದರು. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪಂಥಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಧಾರವಾಡ, ಗದಗ-ಬೆಟಗೇರಿಯ ಹಳೆಯ ಬಾಸೆಲ್ ಸಭೆಗಳು ಈಗ ಅದರ ಉತ್ತರ ಕರ್ನಾಟಕ ಧರ್ಮಪ್ರಾಂತದಲ್ಲಿವೆ.

ಬೇರೆಯವರಿಗೆ ಕೊಟ್ಟ ಪ್ರಾರ್ಥನೆ ಅವರದೇ ಆಗುವ ಮಟ್ಟಕ್ಕೆ ಬಂದರೆ ಕೊಟ್ಟವರು ಹೋದರೂ ಅದು ಉಳಿಯುತ್ತದೆ. ಅನ್ನದ ಜೊತೆ, ಔಷಧದ ಜೊತೆ ಕಟ್ಟಿಕೊಟ್ಟಿದ್ದರೆ ಅನ್ನ ನಿಂತ ದಿನ ಪ್ರಾರ್ಥನೆಯೂ ನಿಲ್ಲುತ್ತಿತ್ತು.

ಹುಡುಗಿಗೆ ಹೇಳಿದ್ದು

ನಮ್ಮ ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಕುರಿತ ಕಾಯ್ದೆ ಬಂತು, 2023ರ ಜೂನಿನಲ್ಲಿ ಸಚಿವ ಸಂಪುಟ ಅದನ್ನು ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿತು. ವಾದ ಮುಂದುವರಿದಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಎರಡು ಮಂಚದ ನಡುವೆ ನಿಂತ ಸಿಸ್ಟರಿನ ಮನಸ್ಸಿನೊಳಗೆ ಯಾವ ಕಾಯ್ದೆಯೂ ಇಳಿಯಲಾರದು. ಅಲ್ಲಿ ಬೇಕಾದದ್ದು ಅವರ ಮನಸ್ಸಾಕ್ಷಿ.

ಹಾಗಾಗಿ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. "ನೋಡವ್ವಾ, ಮಿಷನರಿಗಳ ಪ್ರಾರ್ಥನಾ ಮಂದೀನ ಎಷ್ಟು ಬದಲು ಮಾಡ್ತೋ ಗೊತ್ತಿಲ್ಲ. ಮಾಡಿದವರನ್ನಂತೂ ಬದಲು ಮಾಡ್ತು. ಮಂದಿಗೆ ತಮ್ಮ ದೇವರನ್ನ ಹೇಳಾಕ ಬಂದವರು ಮಂದಿ ಮಾತು ಕಲಿತ್ರು, ಮಂದಿ ಪದ ಕೂಡಿಸಿದ್ರು, ಮಂದಿ ಗಾಯ ತೊಳದ್ರು. ಪ್ರಾರ್ಥನಾ ಅವರನ್ನ ಎದುರಿನವರ ಹತ್ರ ಕರಕೊಂಡು ಹೋದಲ್ಲೆಲ್ಲ ಒಳ್ಳೇದಾತು. ಎದುರಿನವರನ್ನ ಲೆಕ್ಕದ ಪುಸ್ತಕದಾಗ ಒಂದು ಅಂಕಿ ಮಾಡಿದಲ್ಲಿ ಕೆಟ್ಟಿತು."

ಅವಳು ಬಿಡಲಿಲ್ಲ. "ಹಂಗಾರ ಯಾರರ ನಮ್ಮ ಮನಿಗೆ ಬಂದು ಪ್ರಾರ್ಥನಾ ಮಾಡ್ತೀವಿ ಅಂದ್ರ ಏನ ಅನ್ನಬೇಕ್ರಿ?"

ಮೂರು ಪ್ರಶ್ನೆ ಕೇಳಿಕೋ ಅಂದೆ. ಮೊದಲು ನಿನ್ನನ್ನು ಕೇಳಿದರಾ? ಬೇಡ ಅನ್ನಲು ನಿನಗೆ ಅಂಜಿಕೆ ಇಲ್ಲ ತಾನೇ? ಬೇಡ ಅಂದ ಮೇಲೂ ಅವರ ಮುಖ, ಅವರ ಕೈ, ಅವರು ಕೊಡುತ್ತಿದ್ದ ಮದ್ದು ಮೊದಲಿನಂತೆಯೇ ಇದೆಯಾ? ಮೂರಕ್ಕೂ ಹೌದು ಅಂದರೆ ಆ ಪ್ರಾರ್ಥನೆಯಿಂದ ನಿನಗೆ ಏನೂ ಕೇಡಿಲ್ಲ. ನಮ್ಮವ್ವನಂತೆ ಬೇಕಾದರೆ ಹೂಂ ಅನ್ನು, ರೋಣದ ಅಜ್ಜಿಯಂತೆ ಬೇಕಾದರೆ ಬೇಡ ಅನ್ನು.

ಈ ಮೂರು ಪ್ರಶ್ನೆ ಬರೀ ಪಾದ್ರಿಗಳಿಗಲ್ಲ. ಮಠಕ್ಕೂ, ದರ್ಗಾಕ್ಕೂ, ಹರಕೆ ಹೇಳುವ ಪೂಜಾರಿಗೂ, ಆಸ್ಪತ್ರೆಯ ಮುಂದೆ ತೀರ್ಥ ಹಿಡಿದು ನಿಲ್ಲುವ ನಮ್ಮ ನೆಂಟರಿಗೂ ಅನ್ವಯಿಸುತ್ತವೆ. ಸಂಕಟದಲ್ಲಿ ಇರುವವರ ಮಂಚದ ಹತ್ತಿರ ಹೋಗುವಾಗ ಎಲ್ಲ ದೇವರ ಭಕ್ತರೂ ಮೊದಲು ಮಾಡಬೇಕಾದ ಕೆಲಸ ಒಂದೇ: ಕೇಳುವುದು.

ನಿಮಗೆ ಏನನ್ನಿಸುತ್ತದೆ? ನಿಮ್ಮ ಊರಿನ ಹಳೆಯ ಮಿಷನ್ ಸಾಲಿ, ದವಾಖಾನೆಗಳಲ್ಲಿ ಇಂಥ ಅನುಭವ ಆಗಿದ್ದರೆ, ಸಿಹಿಯೋ ಕಹಿಯೋ, ಬರೆದು ಕಳಿಸಿ. ನಮ್ಮ ಓಣಿಯ ಆ ಹುಡುಗಿ ಓದಲು ಕಾಯುತ್ತಿದ್ದಾಳೆ.